ಉಳವಿಯ ದೋಣಿಗೆ ಕಾರಿನ ಗಾಲಿ

ಶುಕ್ರವಾರ ಬೆಳಗ್ಗೆ ಕಾಫಿ ಕುಡಿದು ಸೊರಬ ಸೀಮೆಯ ನಮ್ಮ ಉಳವಿಯಿಂದ ಹೊರಟೆವು. ಮುಂದೆ ನನ್ನ ತಮ್ಮನ ಮಗ ಮಂಜಪ್ಪನ ಪಿಕಪ್ಪು, ಅದರ ಹಿಂದೆ ಕೊಂಡಿ ಹಾಕಿದ ಎರಡು ಗಾಲಿಯ ದೋಣಿ ಗಾಡಿ, ಅದರ ಮೇಲೆ ಹಗ್ಗ ಬಿಗಿದ ನಮ್ಮ ಫೈಬರ್ ದೋಣಿ. ಮಂಜಪ್ಪ ಅದನ್ನು ಟ್ರೇಲರ್ ಎನ್ನುತ್ತಾನೆ. ನಾನು ಗಾಡಿ ಎನ್ನುತ್ತೇನೆ. ಮುಂದಿನ ಸೀಟಿನಲ್ಲಿ ಅವನು, ನಡುವೆ ನಾನು, ಬಾಗಿಲ ಪಕ್ಕ ನನ್ನ ಮಗಳು ಸರೋಜ. ಮಳೆ ಬಿಟ್ಟು ವಾರವಾಗಿತ್ತು. ಗದ್ದೆಗಳಲ್ಲಿ ಭತ್ತ ಹೊಡೆ ತುಂಬಿತ್ತು, ಆಕಾಶ ತೊಳೆದಿಟ್ಟ ಪಾತ್ರೆಯ ಹಾಗಿತ್ತು.

ನಾವು ಹೋಗಬೇಕಾದದ್ದು ಅಂಬ್ಲಿಗೊಳಕ್ಕೆ. ಸರೋಜಳ ಗಂಡನ ಮನೆ ಅಲ್ಲಿಯೇ, ಡ್ಯಾಮಿನ ಹಿಂದಿನ ಹಳ್ಳಿಯಲ್ಲಿ. ಅಲ್ಲಿಯ ನೀರಿನಲ್ಲಿ ಮೀನು ಹಿಡಿಯುವವರದೊಂದು ಸಂಘವಿದೆ. ವರ್ಷಕ್ಕೊಮ್ಮೆ ಮಳೆ ನಿಂತ ಮೇಲೆ ಚೀಟಿ ಎತ್ತಿ, ಯಾರು ಎಲ್ಲಿ ಬಲೆ ಬಿಡಬೇಕು ಎಂದು ಜಾಗ ಹಂಚುತ್ತಾರೆ. ಸ್ವಂತ ದೋಣಿ ಇದ್ದವರಿಗೆ ಮಾತ್ರ ಚೀಟಿ. ಅದೂ ಹೆಸರು ಕೂಗುವಾಗ ದೋಣಿ ನೀರಿನ ಮೇಲಿರಬೇಕು. ಮನೆಯಲ್ಲಿದೆ, ದಾರಿಯಲ್ಲಿದೆ, ಬಂತು ಎಂದರೆ ನಡೆಯುವುದಿಲ್ಲ.

ಸರೋಜ ಮದುವೆಯಾಗಿ ಹೋದಾಗಿನಿಂದ ಹಾಲಪ್ಪ ಎನ್ನುವವನ ದೋಣಿಗೆ ಹುಟ್ಟು ಹಾಕುತ್ತಿದ್ದಾಳೆ. ದೊಡ್ಡ ಮೀನು ಅವನಿಗೆ, ಸಣ್ಣ ಮೀನು ಇವಳಿಗೆ. ಅವಳ ಗಂಡ ಅಕ್ಕಿ ಗಿರಣಿಯ ಕೆಲಸದವನು, ಒಳ್ಳೆಯವನೇ, ಆದರೆ ನೀರು ಕಂಡರೆ ಸ್ನಾನಕ್ಕೂ ಹೆದರುತ್ತಾನೆ. ನನ್ನ ಇಬ್ಬರು ಗಂಡು ಮಕ್ಕಳಲ್ಲಿ ಒಬ್ಬನಿಗೆ ಪಂಚಾಯಿತಿ ಕೆಲಸ, ಇನ್ನೊಬ್ಬ ಅಡಿಕೆ ಸುಲಿಯುವ ಮಷಿನ್ ಇಟ್ಟಿದ್ದಾನೆ. ಮನೆಯಲ್ಲಿ ನೀರಿನ ಕಸುಬು ಹಿಡಿದವಳು ಸರೋಜ ಒಬ್ಬಳೇ. ನನ್ನ ಮಂಡಿಗಳು ಮುಗಿದಿವೆ. ನಮ್ಮ ಕೆರೆಯ ತುಂಬ ಕಳೆ ಬೆಳೆದಿದೆ. ದೋಣಿ ಕೋಳಿಗೂಡಿನ ಪಕ್ಕ ಮಗುಚಿ ಬಿದ್ದಿತ್ತು. ತಗೊಂಡು ಹೋಗು ಎಂದೆ. ಚೀಟಿ ಎತ್ತುವುದು ಶನಿವಾರ ಬೆಳಗ್ಗೆ ಎಂದು ಅವಳು ಹೇಳಿದಳು. ಅಷ್ಟರೊಳಗೆ ನೀರಿಗಿಳಿಸದಿದ್ದರೆ ಇನ್ನೊಂದು ವರ್ಷ ಹಾಲಪ್ಪನ ದೋಣಿಯೇ.

ತೊಡಕು ಇದ್ದದ್ದು ಗಾಲಿಯಲ್ಲಿ. ನಮ್ಮ ಗಾಡಿಗೆ ಇದ್ದವು ಆಟೋರಿಕ್ಷಾದ ಗಾಲಿ, ಅಂಗೈಯಷ್ಟು ಅಗಲ. ಡಾಂಬರಿನ ಮೇಲೆ ಹೇಗೋ ಉರುಳುತ್ತಿದ್ದವು. ಕೆರೆಯಂಚಿನ ಕೆಸರಿಗೆ ಇಳಿದರೆ ಗಾಲಿ ಮುಳುಗಿ ಅಚ್ಚು ನೆಲಕ್ಕೆ ಕೂರುತ್ತಿತ್ತು. ಉಳವಿಯ ಕೆರೆಯಲ್ಲೇ ಹಾಗೆ, ಇನ್ನು ಅಂಬ್ಲಿಗೊಳದಲ್ಲಿ ನೀರು ಹಿಂದೆ ಸರಿದ ಜಾಗದಲ್ಲಿ ಮೊಣಕಾಲುದ್ದ ಕಪ್ಪು ಕೆಸರು. ಶಿಕಾರಿಪುರದಲ್ಲಿ ಟೈರ್ ಅಂಗಡಿ ಇಟ್ಟಿರುವ ಬಾಷಾ ಸಾಬರಿಗೆ ಮಂಜಪ್ಪ ಫೋನ್ ಮಾಡಿ, ಹಳೆಯ ಕಾರಿನ ಎರಡು ಗಾಲಿ ತೆಗೆದಿಡಲು ಹೇಳಿದ್ದ. ಒಳದಾರಿಯಲ್ಲಿ ಹೋದರೆ ಅಂಬ್ಲಿಗೊಳ ಹತ್ತಿರ. ಗಾಲಿಗಾಗಿ ಸೊರಬ, ಶಿರಾಳಕೊಪ್ಪ, ಶಿಕಾರಿಪುರ ಎಂದು ಸುತ್ತು ಹಾಕಿ ಹೊರಟೆವು.

ಇನ್ನೊಂದು ವಿಷಯ ಹೇಳಬೇಕು. ನಮ್ಮ ಮನೆತನದಲ್ಲಿ ದೋಣಿ ಊರು ಬಿಡುವಾಗ ಖಾಲಿ ಹೋಗುವುದಿಲ್ಲ. ಆ ಊರಿನಲ್ಲಿ ಬೆಳೆದದ್ದು ಅದರ ಹೊಟ್ಟೆಯಲ್ಲಿರಬೇಕು, ಹೊಸ ನೀರಿನ ಅಂಚಿನಲ್ಲೇ ಇಳಿಸಬೇಕು. ನನ್ನ ಅತ್ತೆ ಹಾಗೆ ಮಾಡುತ್ತಿದ್ದರು, ನಾನೂ ಮಾಡಿದೆ. ಒಂದು ಮೂಟೆ ಕೆಂಪಕ್ಕಿ, ಒಂದು ಮೂಟೆ ತೆಂಗಿನಕಾಯಿ, ಬಾಳೆಗೊನೆ, ಹಿತ್ತಿಲಿನ ಸಿಹಿಗುಂಬಳ ಅಷ್ಟೂ ದೋಣಿಯೊಳಗೆ ಹೋದವು.

“ಅತ್ತೆ, ಪಿಕಪ್ಪಿನ ಹಿಂದೆ ಜಾಗ ಇದ್ಯಲ್ಲ, ಅಲ್ಲಿ ಹಾಕಾಣ” ಎಂದ ಮಂಜಪ್ಪ.

“ನಿನ್ನ ಪಿಕಪ್ಪು ಮೀನು ಹಿಡಿತದಾ?” ಎಂದೆ.

ಸೊರಬ ಮುಟ್ಟುವುದರಲ್ಲಿ ನನ್ನ ಸೊಂಟ ಯಾವುದು, ಸೀಟು ಯಾವುದು ತಿಳಿಯಲಿಲ್ಲ. ಗಾಲಿ ಸಣ್ಣದಾದ್ದರಿಂದ ಪ್ರತಿ ಹೊಂಡಕ್ಕೂ ಗಾಡಿ ಎಗರುತ್ತಿತ್ತು, ಅದು ಎಗರಿದಾಗಲೆಲ್ಲ ಪಿಕಪ್ಪಿನ ಹಿಂಭಾಗವನ್ನು ಜಗ್ಗುತ್ತಿತ್ತು. ಎಮ್ಮೆಯೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು ಎಂದರೆ ನಂಬಬೇಕು. ಸೊರಬದ ಬಸ್ ನಿಲ್ದಾಣದ ಹತ್ತಿರ ಇಡ್ಲಿ ತಿಂದೆವು. ಇಡ್ಲಿ ಮೆತ್ತಗಿತ್ತು, ಚಟ್ನಿ ಮಾತ್ರ ನೀರು. ಇಷ್ಟು ತೆಳ್ಳಗಿದ್ದರೆ ದೋಣಿ ಇಲ್ಲೇ ಇಳಿಸಬಹುದಿತ್ತು ಎಂದು ಸರೋಜ ಹೇಳಿದ್ದು ಬಡಿಸುವವನಿಗೆ ಕೇಳಿಸಿತು. ಎರಡನೇ ಸಲ ಗಟ್ಟಿ ಚಟ್ನಿ ತಂದ.

ಶಿರಾಳಕೊಪ್ಪದಲ್ಲಿ ರಸ್ತೆ ತುಂಬ ಬೈಕು, ಆಟೋ, ತಳ್ಳುಗಾಡಿ. ಗಾಡಿ ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಬಾಳೆಹಣ್ಣು ಮಾರುವ ಒಬ್ಬ ದೋಣಿಯನ್ನು ಕೈಯಲ್ಲಿ ತಟ್ಟಿ, “ಅಮ್ಮಾರೇ, ಇಲ್ಲಿ ಸಮುದ್ರ ಎಲ್ಲೈತ್ರೀ?” ಎಂದು ಕೂಗಿದ.

“ಹಿಂದೆ ಬರ್ತಾ ಅದೆ. ನಾವು ಒಂಚೂರು ಮುಂಚೆ ಬಂದ್ವಿ” ಎಂದೆ.

ಅವನು ನಕ್ಕು ನಾಲ್ಕು ಹಣ್ಣು ಕಿಟಕಿಯೊಳಗೆ ಇಟ್ಟ. ದೋಣಿಯಲ್ಲಿ ಗೊನೆ ಇಟ್ಟುಕೊಂಡೂ ಅವನ ಹಣ್ಣು ತಿಂದೆವು. ಕೊಟ್ಟದ್ದನ್ನು ಬೇಡ ಎನ್ನಬಾರದು.

ಅಲ್ಲಿಂದ ಮುಂದೆ ಮರ ಕಡಿಮೆ, ಬಿಸಿಲು ಹೆಚ್ಚು. ಎರಡೂ ಕಡೆ ಮೆಕ್ಕೆಜೋಳ. ಶಿಕಾರಿಪುರ ಸೇರಿದಾಗ ಮಧ್ಯಾಹ್ನದ ಹತ್ತಿರ. ಬಾಷಾ ಸಾಬರ ಅಂಗಡಿ ಮಾರ್ಕೆಟ್ ಯಾರ್ಡಿನ ಆಚೆ, ಒಂದು ಬೇವಿನ ಮರದ ಕೆಳಗೆ. ಬಾಷಾ ಸಾಬರು ದಪ್ಪನೆಯ ಮನುಷ್ಯ, ಮಾತು ಅದಕ್ಕಿಂತ ದಪ್ಪ.

“ಬರ್ರಿ ಅಮ್ಮಾರೆ, ಕುಂದರ್ರಿ. ಈ ಕೈ ಮುಟ್ಟದ ಗಾಲಿ ಈ ತಾಲೂಕಿನಾಗ ಉಳದಿಲ್ರೀ” ಎಂದರು.

ಅಂಗಡಿಯ ಮುಂದೆ ಕೆಟ್ಟು ನಿಂತಿದ್ದ ಮೂರು ಗಾಡಿಗಳನ್ನು ನೋಡಿ ಸರೋಜ, “ಮುಟ್ಟಿದ್ದೆಲ್ಲ ಇಲ್ಲೇ ನಿಂತಾವಲ್ರೀ” ಎಂದಳು.

“ಏ, ಅವು ನನ್ನ ಪ್ರೀತಿಗೆ ನಿಂತಾವ ತಂಗೀ.”

ದೋಣಿಯ ಸಾಮಾನೆಲ್ಲ ಇಳಿಸಿ ಬೇವಿನ ಬುಡದಲ್ಲಿ ಇಟ್ಟೆವು. ಜಾಕಿ ಕೊಟ್ಟು ಗಾಡಿ ಎತ್ತಿ ಹಳೆಯ ಗಾಲಿ ಕಳಚಿದರು. ಕಾರಿನ ಗಾಲಿಯ ಬೋಲ್ಟಿನ ತೂತು ನಮ್ಮ ಅಚ್ಚಿಗೆ ಕೂರಲಿಲ್ಲ. ಗಾಲಿ ಕೂರುವ ಹಬ್ ಅನ್ನೇ ಬದಲಾಯಿಸಬೇಕು ಎಂದು ಬಾಷಾ ಸಾಬರು ಗುಜರಿ ರಾಶಿ ಕೆದಕಿ ಒಂದು ಜೊತೆ ತೆಗೆದರು. ಅದಕ್ಕೆ ಗ್ರೀಸು ಹಚ್ಚುತ್ತ ಇದ್ದವರು ತಟ್ಟನೆ ಎದ್ದು ಕೈ ತೊಳೆದರು.

“ಎಲ್ಲಿಗೆ?” ಎಂದೆ.

“ಶುಕ್ರವಾರ ಅಲ್ಲೇನ್ರೀ? ನಮಾಜ್ ಮುಗಿಸಿ ಬರ್ತೀನಿ.”

ಶುಕ್ರವಾರ ಹೊರಟರೆ ಒಳ್ಳೆಯದು ಎಂದು ಆ ದಿನ ಆರಿಸಿದವಳು ನಾನೇ. ಅವರಿಗೂ ಅದೇ ಒಳ್ಳೆಯ ದಿನ ಎಂದು ಹೊಳೆದಿರಲಿಲ್ಲ. ಗಾಡಿ ಗಾಲಿಯಿಲ್ಲದೆ ಜಾಕಿಯ ಮೇಲೆ ನಿಂತಿತ್ತು. ಸರೋಜ ರಸ್ತೆಗೂ ಮರಕ್ಕೂ ನಡೆದಾಡುತ್ತ, “ಅವ್ವ, ಕತ್ತಲಾದ್ರೆ ಏನ್ ಮಾಡೋದು? ನಾಳೆ ಬೆಳಗ್ಗೆ ಕೂಗ್ತಾರೆ” ಎಂದು ಹೇಳಿದ್ದನ್ನೇ ಹೇಳಿದಳು.

“ನೀನು ನಡೆದ್ರೆ ಅವರ ನಮಾಜು ಬೇಗ ಮುಗಿತದಾ? ಬಾ, ಊಟ ಮಾಡಾಣ.”

ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ರೊಟ್ಟಿ ಬಿಸಿ, ತೆಳುವು. ನಾನು ಅನ್ನ ಬಿಟ್ಟು ಬೇರೆಯದನ್ನು ಊಟ ಎನ್ನುವವಳಲ್ಲ, ಆದರೂ ಮೂರು ತಿಂದೆ. ಸರೋಜ ಒಂದನ್ನೂ ಪೂರ್ತಿ ತಿನ್ನಲಿಲ್ಲ. ಉಳಿದದ್ದನ್ನು ಮಂಜಪ್ಪ ತಿಂದ.

ನಾವು ಬರುವಷ್ಟರಲ್ಲಿ ಬಾಷಾ ಸಾಬರು ಬಿಳಿ ಅಂಗಿಯಲ್ಲೇ ಕೆಲಸಕ್ಕೆ ಕೂತಿದ್ದರು, ತಡವಾಯಿತೆಂದು ಬಟ್ಟೆ ಬದಲಾಯಿಸಿರಲಿಲ್ಲ. ಗಾಲಿ ಕೂತವು. ಗಾಡಿ ಮೊಳದಷ್ಟು ಎತ್ತರವಾದ ಹಾಗೆ ಕಂಡಿತು. ಕುಳ್ಳಗಿದ್ದ ಹುಡುಗಿ ಎತ್ತರದ ಚಪ್ಪಲಿ ಮೆಟ್ಟಿ ಮದುವೆಗೆ ಹೊರಟ ಹಾಗೆ ದೋಣಿಗೆ ಏನೋ ಜಂಬ ಬಂದಿತ್ತು. ಮಂಜಪ್ಪ ಬೀದಿಯಲ್ಲಿ ಎರಡು ಸಲ ಎಳೆದುಕೊಂಡು ಹೋಗಿ ಬಂದ. ಹೊಂಡದಲ್ಲಿ ಸದ್ದೇ ಇಲ್ಲ. ಬಾಷಾ ಸಾಬರು ಸೊಂಟದ ಮೇಲೆ ಕೈಯಿಟ್ಟು, “ಬೆಂಗಳೂರಿಗೆ ಹೊಡ್ಕೊಂಡ್ ಹೋಗ್ರಿ, ಬೇಕಾದ್ರ” ಎಂದರು.

ನಾವು ಅಕ್ಕಿ, ಕಾಯಿ, ಕುಂಬಳ, ಗೊನೆ ಎಲ್ಲ ಮತ್ತೆ ದೋಣಿಗೆ ತುಂಬಿ ಹೊರಟೆವು. ಅಂಬ್ಲಿಗೊಳ ಇನ್ನು ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಸರೋಜ ಮೊದಲ ಸಲ ಸೀಟಿಗೆ ಒರಗಿ ಕೂತಳು. ಏನೋ ಹಾಡು ಗುನುಗಿದಳು. ಅವಳ ದನಿ ಚೆನ್ನಾಗಿಲ್ಲ, ಆದರೂ ಬೇಡ ಎನ್ನಲಿಲ್ಲ.

ಊರು ದಾಟಿ ಸ್ವಲ್ಪ ದೂರಕ್ಕೆ ಸುಟ್ಟ ವಾಸನೆ ಬಂತು. ಯಾರೋ ಹೊಲದಲ್ಲಿ ಕಸ ಸುಡುತ್ತಿರಬೇಕು ಎಂದ ಮಂಜಪ್ಪ. ಹೊಲ ದಾಟಿದರೂ ವಾಸನೆ ನಮ್ಮ ಜೊತೆಗೇ ಬಂತು. ಇಳಿದು ನೋಡಿದರೆ ಹೊಗೆ ನಮ್ಮದೇ. ಭಾರಕ್ಕೆ ಗಾಡಿಯ ಕಮಾನು ಪಟ್ಟಿ ತಗ್ಗಿ, ಗಾಲಿಯ ಮೇಲಿನ ಮಡ್‌ಗಾರ್ಡು ಹೊಸ ಟೈರನ್ನು ಉಜ್ಜುತ್ತಿತ್ತು. ಸಣ್ಣ ಗಾಲಿಗೆ ಮಾಡಿದ ಮಡ್‌ಗಾರ್ಡು, ದೊಡ್ಡ ಗಾಲಿಗೆ ಎಲ್ಲಿ ಜಾಗ ಬಿಡುತ್ತದೆ? ಅಂಗಡಿಯಲ್ಲಿ ಓಡಿಸಿ ನೋಡಿದ್ದು ಖಾಲಿ ಗಾಡಿಯನ್ನು.

ಮಂಜಪ್ಪ ಫೋನ್ ಮಾಡಿದ. ಬಾಷಾ ಸಾಬರು ಸ್ಕೂಟರಿನಲ್ಲಿ ಸ್ಪ್ಯಾನರು, ಸುತ್ತಿಗೆ ಕಟ್ಟಿಕೊಂಡು ಬಂದರು. ದೋಣಿಯೊಳಗೆ ಇಣುಕಿ ನೋಡಿ ತಲೆ ಚಚ್ಚಿಕೊಂಡರು.

“ಅಮ್ಮಾರೆ, ದೋಣಿ ಒಯ್ಯೋದು ಅಂದ್ರಿ. ಇದ್ರಾಗ ಸಂತಿನೇ ಹೊಂಟೈತಲ್ರೀ!”

“ಬೇವಿನ ಬುಡದಲ್ಲಿ ಇಟ್ಟಿದ್ದು ಕಾಣ್ಲಿಲ್ವಾ?”

“ಕಂಡ್ವು. ನೀವು ಮಾರ್ಕೆಟ್ಟಿಗೆ ಮಾರಾಕ ತಂದೀರಿ ಅನ್ಕೊಂಡೆ.”

“ಅತ್ತೆ, ಈಗಾದ್ರೂ ಪಿಕಪ್ಪಿಗೆ ಹಾಕಾಣ” ಎಂದ ಮಂಜಪ್ಪ, ಮೂಟೆಗೆ ಕೈ ಹಾಕಿ.

“ಮುಟ್ಟಬೇಡ. ಊರಿನ ಬೆಳೆ ದೋಣಿ ಒಳಗೇ ಹೊಸ ನೀರು ಮುಟ್ಟಬೇಕು.”

ಸರೋಜ ಸೂರ್ಯನನ್ನು ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಅಳು ಬರುವ ಹಾಗಿತ್ತು, ಆದರೆ ಮೂಟೆ ಇಳಿಸು ಎಂದು ಅವಳೂ ಹೇಳಲಿಲ್ಲ. ನಮ್ಮ ಮನೆಯವಳೇ ತಾನೆ.

ಬಾಷಾ ಸಾಬರು ನಮ್ಮಿಬ್ಬರ ಮುಖ ನೋಡಿ, “ಹಂಗಾದ್ರ ಒಂದು ಮಾಡೂಣು. ನಿಮ್ಮ ಪದ್ಧತಿ ಇರ್ಲಿ, ಮಡ್‌ಗಾರ್ಡು ಹೋಗ್ಲಿ” ಎಂದು ಕೂತೇಬಿಟ್ಟರು. ತುಕ್ಕು ಹಿಡಿದ ಬೋಲ್ಟು ಬಿಡಲಿಲ್ಲ. ಬೈದರು, ಹೊಡೆದರು, ಮತ್ತೆ ಬೈದರು. ಕೊನೆಗೆ ಎರಡೂ ಮಡ್‌ಗಾರ್ಡು ಕಳಚಿ ಬಂದವು. ಅವನ್ನೂ ದೋಣಿಯೊಳಗೆ ಹಾಕಿದೆ. ಒಂದು ಕುಂಬಳ ಎತ್ತಿ ಅವರಿಗೆ ಕೊಟ್ಟೆ.

“ಇದು ಹೊಸ ನೀರು ಮುಟ್ಟಬೇಕಲ್ರೀ?” ಎಂದರು, ಕಣ್ಣು ಕಿರಿದು ಮಾಡಿ.

“ನಿಮ್ಮ ಸಾರಿನ ನೀರು ಮುಟ್ಟಲಿ. ಅದೂ ಹೊಸದೇ.”

ಮಡ್‌ಗಾರ್ಡು ಇಲ್ಲದ ಗಾಲಿ ಕೆಸರನ್ನು ಹೇಗೆ ಎರಚುತ್ತದೆ ಎಂದು ಡ್ಯಾಮಿನ ಹಳ್ಳಿಯ ಮಣ್ಣು ರಸ್ತೆಯಲ್ಲಿ ಗೊತ್ತಾಯಿತು. ಬಿಳಿ ದೋಣಿ ಹಳ್ಳಿ ಸೇರುವಾಗ ಎಮ್ಮೆಯ ಬಣ್ಣಕ್ಕೆ ತಿರುಗಿತ್ತು. ಸಂಜೆಯ ಬೆಳಕು ಇನ್ನೂ ಇತ್ತು. ನನ್ನ ಅಳಿಯ ಬಾಗಿಲಲ್ಲಿ ನಿಂತು, “ಇದೇನ್ ಅತ್ತೆ, ದೋಣಿ ಗದ್ದೆ ಉಳ್ತಾ ಬಂತಾ?” ಎಂದ. ಅವನ ಜೀವನದಲ್ಲಿ ಅವನು ಮಾಡಿದ ಒಳ್ಳೆಯ ತಮಾಷೆ ಅದೊಂದೇ. ನಾವೆಲ್ಲ ನಕ್ಕೆವು. ಸೀಗಡಿ ಸಾರು ಮಾಡಿದ್ದ, ಹುಳಿ ಸ್ವಲ್ಪ ಮುಂದಾಗಿತ್ತು.

ಶನಿವಾರ ಬೆಳಗ್ಗೆ ನೀರಿನ ಹತ್ತಿರ ಹೋದೆವು. ನೀರನ್ನು ನಿಂತು ನೋಡಿದೆ. ನಮ್ಮ ಕೆರೆಯಂಥ ಎಷ್ಟು ಕೆರೆ ಹಿಡಿಯುತ್ತದೋ! ಆಚೆ ದಡದ ಗುಡ್ಡ ನೀಲಿ, ನೀರು ಅದಕ್ಕಿಂತ ನೀಲಿ. ಬಿಳಿ ಕೊಕ್ಕರೆಗಳು ಅಂಚಿನುದ್ದಕ್ಕೂ ಸಾಲು ಹಿಡಿದಿದ್ದವು. ದೋಣಿಗಳು, ತೆಪ್ಪಗಳು ಆಗಲೇ ನೀರಿನಲ್ಲಿ ನಿಂತಿದ್ದವು. ಸಂಘದ ಅಧ್ಯಕ್ಷರು ರುದ್ರಪ್ಪ ಎನ್ನುವವರು ಚೀಟಿ ತುಂಬಿದ ಸ್ಟೀಲ್ ಬಿಂದಿಗೆ ಹಿಡಿದು ದಡದ ಕಲ್ಲಿನ ಮೇಲೆ ಕೂತಿದ್ದರು. ಹಾಲಪ್ಪ ತನ್ನ ದೋಣಿಯಲ್ಲಿ ಬೀಡಿ ಸೇದುತ್ತಿದ್ದ.

“ಏನ್ ಸರೋಜ, ದೋಣಿ ಯಾವಾಗ ಇಳಿತದೆ? ಮುಂದಿನ್ ವರ್ಷನಾ?” ಎಂದು ಕೂಗಿದ.

ಮಂಜಪ್ಪ ಪಿಕಪ್ಪನ್ನು ಹಿಂದಕ್ಕೆ ತಂದ. ನೆಲ ಮೆತ್ತಗಾದಲ್ಲಿ ನಿಲ್ಲಿಸಿ ಕೊಂಡಿ ಬಿಚ್ಚಿ, ಗಾಲಿಗೆ ಕಲ್ಲು ಕೊಟ್ಟ. ಮುಂದೆ ಇಳಿಜಾರು, ಕಪ್ಪು ಕೆಸರು, ಆಮೇಲೆ ನೀರು. ಮೂಟೆ, ಕಾಯಿ ಇಳಿಸಿ ಕೊಡಲು ಸರೋಜ ದೋಣಿ ಹತ್ತಿದಳು. ಅಷ್ಟರಲ್ಲಿ ರುದ್ರಪ್ಪ ಗಂಟಲು ಸರಿಮಾಡಿಕೊಂಡು ಹೆಸರು ಕೂಗಲು ಶುರು ಮಾಡಿಯೇಬಿಟ್ಟರು.

“ಇಳಿಸಕ್ಕೆ ಟೈಮಿಲ್ಲ, ತಳ್ರೋ!” ಎಂದು ಮಂಜಪ್ಪ ಕಲ್ಲು ಒದ್ದ.

ದಡದಲ್ಲಿದ್ದ ನಾಲ್ವರು ಗಂಡಸರು ಬಂದು ಹೆಗಲು ಕೊಟ್ಟರು. ಅವರೆಲ್ಲ ಸಣ್ಣ ಗಾಲಿಯ ಗಾಡಿ ತಳ್ಳಿ ಅಭ್ಯಾಸವಾದವರು. ಕೆಸರಿನಲ್ಲಿ ಗಾಲಿ ಹೂತಿರುತ್ತದೆ, ಜೀವ ಬಿಟ್ಟು ತಳ್ಳಬೇಕು ಎಂದುಕೊಂಡು ಐದು ಜನರೂ ಮೈಯ ಭಾರವನ್ನೆಲ್ಲ ಹಾಕಿದರು. ಕಾರಿನ ಗಾಲಿಗೆ ಅಷ್ಟು ಬೇಕಿರಲಿಲ್ಲ. ಅದು ಕೆಸರನ್ನು ಮುಟ್ಟಿಯೂ ಮುಟ್ಟದ ಹಾಗೆ ಉರುಳಿತು. ಐವರೂ ಮುಖ ಕೆಳಗಾಗಿ ಬಿದ್ದರು. ಗಾಡಿ, ದೋಣಿ, ಅಕ್ಕಿ ಮೂಟೆ, ದೋಣಿಯೊಳಗೆ ನಿಂತಿದ್ದ ನನ್ನ ಮಗಳು, ಎಲ್ಲವೂ ಇಳಿಜಾರಿನಲ್ಲಿ ಓಡಿದವು. ಕೊಕ್ಕರೆಗಳು ಒಟ್ಟಿಗೇ ಎದ್ದವು. ನೀರು ಮಂಟಪದ ಹಾಗೆ ಮೇಲೆದ್ದು ಬಿತ್ತು.

ನಾನು ಹೋಯಿತು ಎಂದುಕೊಂಡೆ. ನೋಡಿದರೆ ದೋಣಿ ನೀರಿನ ಮೇಲೆ ಒಳಕ್ಕೆ ಒಳಕ್ಕೆ ಹೋಗುತ್ತಿದೆ. ಸುತ್ತ ನಾಲ್ಕು ಕುಂಬಳಕಾಯಿ ತೇಲುತ್ತಿವೆ. ಸರೋಜ ಒಳಗೆ ಕುಕ್ಕರಗಾಲಿನಲ್ಲಿ ಕೂತು ಎರಡೂ ಅಂಚು ಹಿಡಿದಿದ್ದಾಳೆ. ಹಗ್ಗ ಬಿಚ್ಚುವುದು ಯಾರಿಗೂ ನೆನಪಾಗಿರಲಿಲ್ಲ. ದೋಣಿ ತನಗೆ ಕಟ್ಟಿದ್ದ ಗಾಡಿಯನ್ನೂ ಹೊಟ್ಟೆಯ ಕೆಳಗೆ ಎತ್ತಿಕೊಂಡು ತೇಲುತ್ತಿತ್ತು. ಟೈರಿನ ಗಾಳಿಯೂ ಕೈ ಜೋಡಿಸಿರಬೇಕು.

“ಸರೋಜಮ್ಮ!” ಎಂದು ಕೂಗಿದರು ರುದ್ರಪ್ಪ. ಅದು ಅವಳ ಸರದಿ.

“ಇಲ್ಲಿದೀನ್ರೀ!” ನೀರಿನ ಮೇಲಿಂದ ಕೂಗಿದಳು.

ದಡದಲ್ಲಿದ್ದವರು ಹೊಟ್ಟೆ ಹಿಡಿದು ನಕ್ಕರು. ಹಾಲಪ್ಪ ಒಬ್ಬ ನಗಲಿಲ್ಲ. ಬೀಡಿ ನೀರಿಗೆಸೆದು ಎದ್ದು ನಿಂತ. “ಅದು ಲೆಕ್ಕಕ್ಕಿಲ್ಲ. ದೋಣಿ ಇನ್ನೂ ಗಾಡಿ ಮೇಲೇ ಅದೆ. ಗಾಡಿ ಮೇಲಿರೋದು ನೀರಿಗಿಳಿದ ಹಂಗೆ ಹೆಂಗಾಗ್ತದೆ?”

ನಗು ನಿಂತಿತು. ಅವನ ಮಾತಿನಲ್ಲಿ ಅರ್ಥವಿರಲಿಲ್ಲ ಎನ್ನಲಾರೆ. ರುದ್ರಪ್ಪ ಬಿಂದಿಗೆಯನ್ನು ಮಡಿಲಲ್ಲಿಟ್ಟುಕೊಂಡು ಯೋಚಿಸಿದರು.

“ಸರೋಜಮ್ಮ, ಹುಟ್ಟು ಕೆಳಗೆ ಬಿಡು. ನೆಲ ಸಿಗ್ತದಾ?” ಎಂದರು.

ಅವಳು ಹುಟ್ಟನ್ನು ಗಾಲಿಯ ಪಕ್ಕಕ್ಕೆ ನೆಟ್ಟಗೆ ಇಳಿಸಿದಳು. ಹಿಡಿಯವರೆಗೂ ಹೋಯಿತು. ಕೈ ಮುಳುಗಿತು, ಭುಜವೂ ಮುಳುಗಿತು.

“ಸಿಗ್ತಿಲ್ರೀ!”

“ಗಾಲಿಗೂ ನೆಲ ಸಿಕ್ಕಿಲ್ಲ, ದೋಣಿಗೂ ಸಿಕ್ಕಿಲ್ಲ. ಹಂಗಾದ್ರೆ ಗಾಡಿ ಮೇಲೆ ದೋಣಿ ಇಲ್ಲ ಹಾಲಪ್ಪ, ದೋಣಿ ಕೆಳಗೆ ಗಾಡಿ ಅದೆ. ಇವಳೂ ಚೀಟಿ ಎತ್ಲಿ” ಎಂದರು ರುದ್ರಪ್ಪ.

ಹಾಲಪ್ಪ ಇನ್ನೇನೋ ಹೇಳಹೊರಟ. ನಾನು ತಡೆಯಲಾರದೆ ಹೇಳಿದೆ. “ಹಾಲಪ್ಪ, ನಿನ್ನ ದೋಣಿ ನಡಿಯಕ್ಕೆ ಇಷ್ಟು ವರ್ಷ ನನ್ನ ಮಗಳು ಬೇಕಿತ್ತು. ಅವಳ ದೋಣಿ ನೋಡು, ಗಾಡಿ ಹೊತ್ಕೊಂಡೂ ನಡಿತದೆ.”

ಮತ್ತೆ ನಗು ಎದ್ದಿತು. ಈ ಸಲ ಹಾಲಪ್ಪನ ಮೀಸೆಯೂ ಅಲುಗಿತು. ಅಂಗಿ ಬಿಚ್ಚಿಟ್ಟು ನೀರಿಗೆ ಹಾರಿದ. ಯಾಕೆ ಎಂದು ನನಗೆ ಗಾಬರಿಯಾಯಿತು. ಅವನು ಈಜಿ ಹೋಗಿ ದೋಣಿಯ ಕೆಳಗೆ ಮುಳುಗಿದ. ಮೇಲೆ ಬಂದು, “ಯಾರಪ್ಪ ಈ ಗಂಟು ಹಾಕಿದ್ದು? ಬಿಚ್ಚಕ್ಕೆ ಹಲ್ಲು ಬೇಕು” ಎಂದ.

“ನಾನು” ಎಂದೆ.

“ಗೊತ್ತಾಯ್ತು ಬಿಡಿ” ಎಂದು ಮತ್ತೆ ಮುಳುಗಿದ. ಹಗ್ಗ ಬಿಟ್ಟಿತು. ದೋಣಿ ಒಮ್ಮೆ ಕುಣಿದು ಹಗುರಾಯಿತು. ಗಾಡಿ ತಕ್ಷಣ ಮುಳುಗದೆ ಎಮ್ಮೆಯ ಹಾಗೆ ಬೆನ್ನು ಕಾಣಿಸುತ್ತ ಸ್ವಲ್ಪ ಹೊತ್ತು ಇತ್ತು. ಮಂಜಪ್ಪ ಹಗ್ಗ ಎಸೆದು ಪಿಕಪ್ಪಿನಿಂದ ಎಳೆದ. ಕೆಸರಿನ ಮೇಲೆ ಹತ್ತಿ ಬರುವಾಗ ಗಾಲಿ ಒಂದು ಕಡೆಯೂ ಹೂತುಕೊಳ್ಳಲಿಲ್ಲ. ಅದನ್ನು ನೋಡಿದ ನಾಲ್ವರಲ್ಲಿ ಇಬ್ಬರು ಬಾಷಾ ಸಾಬರ ಅಂಗಡಿ ಎಲ್ಲಿ ಎಂದು ಕೇಳಿದರು.

ಸರೋಜಳಿಗೆ ಚೀಟಿಯಲ್ಲಿ ಬಂದದ್ದು ಒಳ್ಳೆಯ ಜಾಗವಲ್ಲ. ಡ್ಯಾಮು ಕಟ್ಟಿದಾಗ ಮುಳುಗಿದ ಮರಗಳ ಬೊಡ್ಡೆ ಇರುವ ಮೂಲೆ, ಬಲೆ ಹರಿಯುತ್ತದೆ. ಎಲ್ಲರೂ ಅಯ್ಯೋ ಎಂದರು. ಅವಳು ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು, “ಹರಿದ್ರೆ ಹೊಲಿತೀನಿ. ಬಲೆ ನಂದೇ ಅಲ್ವಾ” ಎಂದಳು. ಕುಂಬಳಕಾಯಿ ಒಂದೊಂದಾಗಿ ಎತ್ತಿ ಒಳಗೆ ಹಾಕಿಕೊಂಡಳು. ಅಕ್ಕಿಯ ಮೂಟೆ ಒಂದು ಬದಿ ನೆಂದಿತ್ತು. ಆ ಮಧ್ಯಾಹ್ನ ದಡದಲ್ಲೇ ಕಲ್ಲು ಹೂಡಿ ನೆಂದ ಅಕ್ಕಿಯ ಅನ್ನ, ಕುಂಬಳದ ಪಲ್ಯ, ಹಾಲಪ್ಪ ಕೊಟ್ಟ ಎರಡು ದೊಡ್ಡ ಮೀನು. ದೊಡ್ಡದು ಅವನ ಕೈಯಿಂದ ಬಂದದ್ದು ಅದೇ ಮೊದಲು ಎಂದು ಸರೋಜ ಅವನೆದುರೇ ಹೇಳಿದಳು. ಅವನು ತಲೆ ತಗ್ಗಿಸಿ ಅನ್ನ ಕಲಸಿದ.

ಗಾಡಿಯನ್ನು ಸರೋಜಳಿಗೇ ಬಿಟ್ಟು, ಬಿಸಿಲು ಇಳಿಯುವ ಹೊತ್ತಿಗೆ ನಾನೂ ಮಂಜಪ್ಪನೂ ಒಳದಾರಿ ಹಿಡಿದೆವು. ಡ್ಯಾಮಿನ ಏರಿಯ ಹತ್ತಿರ ಮಂಜಪ್ಪ ನಿಲ್ಲಿಸಿದ. ಕೆಳಗೆ ದೂರದಲ್ಲಿ ನಮ್ಮ ದೋಣಿ ಬೊಡ್ಡೆಗಳ ಮೂಲೆಯ ಕಡೆ ಹೋಗುತ್ತಿತ್ತು, ಒಳಗೆ ಒಬ್ಬಳೇ. ಮಂಜಪ್ಪ ಹಾರ್ನ್ ಹೊಡೆದ. ಸರೋಜ ತಲೆಯೆತ್ತಿ ನಮ್ಮ ಕಡೆ ನೋಡಿದಳು. ಕೈ ಬೀಸಲಿಲ್ಲ. ಎರಡು ಕೈಯಲ್ಲೂ ಹುಟ್ಟು ಇತ್ತು.

“ನಡಿ” ಎಂದೆ.